ಗೇಟು ಇರುವ ಯೂನಿವರ್ಸಿಟಿ, ಗೇಟೇ ಇಲ್ಲದ ಯೂನಿವರ್ಸಿಟಿ: ಅಮೆರಿಕದ ದೊಡ್ಡ ಊರುಗಳ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನಿಮಗೆ ಯಾವುದು?

ನ್ಯೂಯಾರ್ಕಿನ 116ನೇ ಬೀದಿಯಲ್ಲಿ ಸಬ್‌ವೇ ಇಳಿದು ಮೇಲೆ ಬಂದರೆ ಪಕ್ಕದಲ್ಲೇ ಕಬ್ಬಿಣದ ಗೇಟು ಕಾಣುತ್ತದೆ. ಅದರೊಳಗೆ ಹುಲ್ಲುಹಾಸು, ಅಗಲವಾದ ಕಲ್ಲಿನ ಮೆಟ್ಟಿಲು, ಗುಮ್ಮಟದ ಕಟ್ಟಡ. ಅದು ಕೊಲಂಬಿಯಾ. ಅದೇ 1ನೇ ನಂಬರಿನ ರೈಲು ಹಿಡಿದು ದಕ್ಷಿಣಕ್ಕೆ ಬಂದು, ಕ್ರಿಸ್ಟೋಫರ್ ಸ್ಟ್ರೀಟಿನಲ್ಲಿ ಇಳಿದು ಸ್ವಲ್ಪ ನಡೆದರೆ ವಾಷಿಂಗ್ಟನ್ ಸ್ಕ್ವೇರ್ ಪಾರ್ಕು ಸಿಗುತ್ತದೆ. ಸುತ್ತಲಿನ ಕಟ್ಟಡಗಳ ಮೇಲೆ ನೇರಳೆ ಬಣ್ಣದ ಬಾವುಟಗಳು. ಗೇಟೂ ಇಲ್ಲ, ಕಾಂಪೌಂಡೂ ಇಲ್ಲ. ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಊರಿನ ರಸ್ತೆಯನ್ನೇ ದಾಟಬೇಕು. ಅದು ನ್ಯೂಯಾರ್ಕ್ ಯೂನಿವರ್ಸಿಟಿ, ಎಲ್ಲರ ಬಾಯಲ್ಲೂ ಎನ್‌ವೈಯು.

ಎರಡರ ಪರಿಚಯದ ಪುಟದಲ್ಲೂ ಒಂದೇ ಸಾಲು ಇರುತ್ತದೆ: ನಗರದಲ್ಲಿರುವ ಖಾಸಗಿ ಸಂಶೋಧನಾ ವಿಶ್ವವಿದ್ಯಾಲಯ. ಶಿಕಾಗೊ, ಜಾನ್ಸ್ ಹಾಪ್ಕಿನ್ಸ್, ಬಾಸ್ಟನ್ ಯೂನಿವರ್ಸಿಟಿ, ನಾರ್ತ್‌ಈಸ್ಟರ್ನ್, ಕಾರ್ನೆಗಿ ಮೆಲನ್ ಎಲ್ಲಕ್ಕೂ ಇದೇ ಸಾಲು ಒಪ್ಪುತ್ತದೆ. ಹಾಗಾಗಿ ಆ ಸಾಲು ಓದಿ ಏನೂ ತೀರ್ಮಾನ ಮಾಡೋಕಾಗಲ್ಲ. ಆದರೆ ಒಂದೊಂದೂ ಹುಟ್ಟಿದ್ದು ಹೇಗೆ ಅಂತ ನೋಡಿದರೆ ಇವತ್ತಿನ ಕ್ಲಾಸ್‌ರೂಮಿನ ಬಗ್ಗೆ ಆಶ್ಚರ್ಯ ಆಗುವಷ್ಟು ತಿಳಿಯುತ್ತದೆ. ಯಾರು ದುಡ್ಡು ಕೊಟ್ಟರು, ಯಾರಿಗಾಗಿ ತೆರೆದರು, ಮೊದಲ ಅಧ್ಯಕ್ಷರಿಗೆ ಯಾವ ಹುಚ್ಚಿತ್ತು ಎಂಬುದೆಲ್ಲ ನೂರು ವರ್ಷ ಕಳೆದರೂ ಅಳಿದಿಲ್ಲ. ರ್‍ಯಾಂಕಿನ ಪಟ್ಟಿಗಿಂತ ಈ ಹಳೇ ಕಥೆಗಳೇ ಆಯ್ಕೆಗೆ ಜಾಸ್ತಿ ಸಹಾಯ ಮಾಡುತ್ತವೆ ಅನ್ನೋದು ನನ್ನ ಅನುಭವ.

ಮೊದಲು ಪದಗಳ ಲೆಕ್ಕ

"ಖಾಸಗಿ" ಅಂದರೆ ಇಲ್ಲಿ ಯಾರೋ ಮಾಲೀಕರಿದ್ದು ಲಾಭ ಮನೆಗೆ ಒಯ್ಯುತ್ತಾರೆ ಅಂತಲ್ಲ. ಇವೆಲ್ಲ ಲಾಭಕ್ಕಾಗಿ ನಡೆಸದ ಸಂಸ್ಥೆಗಳು. ಟ್ರಸ್ಟಿಗಳ ಮಂಡಳಿ ನಡೆಸುತ್ತದೆ. ರಾಜ್ಯ ಸರ್ಕಾರ ಇಂಥ ಕಾಲೇಜನ್ನು ತನ್ನ ಕೈಗೆ ತೆಗೆದುಕೊಳ್ಳುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟು 1819ರಲ್ಲೇ ಡಾರ್ಟ್‌ಮತ್ ಕಾಲೇಜಿನ ಕೇಸಿನಲ್ಲಿ ಹೇಳಿಬಿಟ್ಟಿತು. ವಿದ್ಯಾರ್ಥಿಗೆ ಇದರಿಂದಾಗುವ ವ್ಯತ್ಯಾಸ ಫೀಸಿನದು. ರಾಜ್ಯದ ಯೂನಿವರ್ಸಿಟಿಗಳಲ್ಲಿ ಆ ರಾಜ್ಯದ ಮಕ್ಕಳಿಗೆ ಕಡಿಮೆ ಫೀಸು, ಹೊರಗಿನವರಿಗೆ ಜಾಸ್ತಿ. ಖಾಸಗಿಯಲ್ಲಿ ಎಲ್ಲರಿಗೂ ಒಂದೇ ದರ. ಹಾಗಾಗಿ ವಿದೇಶದಿಂದ ಹೋಗುವವರಿಗೆ ಎರಡರ ನಡುವಿನ ಅಂತರ ಅಲ್ಲಿನವರಿಗೆ ಕಾಣುವಷ್ಟು ದೊಡ್ಡದಲ್ಲ.

"ಸಂಶೋಧನಾ" ಎಂಬ ಪದಕ್ಕೂ ಒಂದು ಅಳತೆ ಇದೆ. ಅಲ್ಲಿನ ಕಾರ್ನೆಗಿ ವರ್ಗೀಕರಣದಲ್ಲಿ ಮೇಲಿನ ಮೆಟ್ಟಿಲಿಗೆ ಆರ್1 ಅಂತ ಹೆಸರು. 2025ರ ನಿಯಮದಂತೆ ವರ್ಷಕ್ಕೆ ಕನಿಷ್ಠ 5 ಕೋಟಿ ಡಾಲರ್ ಸಂಶೋಧನೆಗೆ ಖರ್ಚು ಮಾಡಬೇಕು, ಕನಿಷ್ಠ 70 ಡಾಕ್ಟರೇಟ್ ಕೊಡಬೇಕು. ಈ ಸಾಲಿನಲ್ಲಿ 187 ಸಂಸ್ಥೆಗಳಿವೆ. ಅಂದಮೇಲೆ ಆರ್1 ಅನ್ನೋದು ಅಂಥ ಅಪರೂಪದ ಬಿರುದೇನಲ್ಲ. ಆ ಪದದಿಂದ ನಿಮಗೆ ತಿಳಿಯಬೇಕಾದದ್ದು ಇಷ್ಟೇ: ಅಲ್ಲಿನ ಪ್ರೊಫೆಸರ್‌ಗೆ ಪಾಠ ಮಾಡುವುದು ಅರ್ಧ ಕೆಲಸ. ಉಳಿದರ್ಧ ಲ್ಯಾಬು, ಗ್ರಾಂಟು, ಪೇಪರು. ಕೆಲವರಿಗೆ ಇದು ವರ. ಇನ್ನು ಕೆಲವರಿಗೆ, ಅದರಲ್ಲೂ ಬ್ಯಾಚುಲರ್ಸ್‌ಗೆ ಹೋದವರಿಗೆ, ಮೇಷ್ಟ್ರು ಕೈಗೇ ಸಿಗಲ್ಲ ಅನ್ನುವ ಗೋಳು.

ಕೊಲಂಬಿಯಾನೋ, ಎನ್‌ವೈಯುನೋ

ಕೊಲಂಬಿಯಾ ಶುರುವಾದದ್ದು 1754ರಲ್ಲಿ, ಬ್ರಿಟಿಷ್ ದೊರೆ ಎರಡನೇ ಜಾರ್ಜ್ ಕೊಟ್ಟ ಸನ್ನದಿನಿಂದ. ಆಗಿನ ಹೆಸರು ಕಿಂಗ್ಸ್ ಕಾಲೇಜು. ಟ್ರಿನಿಟಿ ಚರ್ಚಿನ ಪಕ್ಕದ ಶಾಲೆಯಲ್ಲಿ ಎಂಟು ಜನ ಹುಡುಗರು, ಒಬ್ಬರೇ ಮೇಷ್ಟ್ರು. ಸ್ವಾತಂತ್ರ್ಯದ ಯುದ್ಧ ಬಂದು 1776ರಲ್ಲಿ ಬಾಗಿಲು ಹಾಕಿತು. 1784ರಲ್ಲಿ ತೆರೆದಾಗ ದೊರೆಯ ಹೆಸರು ಇಟ್ಟುಕೊಳ್ಳೋಕೆ ಆಗುತ್ತಾ? ಕೊಲಂಬಿಯಾ ಆಯಿತು. ಈಗಿನ ಮಾರ್ನಿಂಗ್‌ಸೈಡ್ ಹೈಟ್ಸಿಗೆ ಬಂದದ್ದು 1897ರಲ್ಲಿ. ಆ ಜಾಗ ಅದಕ್ಕೆ ಮುಂಚೆ ಮಾನಸಿಕ ರೋಗಿಗಳ ಆಸ್ಪತ್ರೆಯದ್ದು. ಅದರ ಒಂದು ಕಟ್ಟಡ ಇವತ್ತಿಗೂ ಕ್ಯಾಂಪಸ್ಸಿನ ಮಧ್ಯದಲ್ಲಿದೆ. ಪರೀಕ್ಷೆಯ ವಾರದಲ್ಲಿ ವಿದ್ಯಾರ್ಥಿಗಳು ಇದನ್ನು ನೆನಪು ಮಾಡಿಕೊಳ್ಳದೆ ಇರುತ್ತಾರಾ!

ಇಲ್ಲಿ ಬ್ಯಾಚುಲರ್ಸ್ ಮಾಡುವವರು ಮೊದಲು ತಿಳಿಯಬೇಕಾದದ್ದು ಕೋರ್ ಪಠ್ಯಕ್ರಮ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಯುದ್ಧ ಯಾಕಾಗುತ್ತದೆ, ಸಮಾಜ ಹೇಗೆ ನಡೆಯುತ್ತದೆ ಅಂತ ಎಲ್ಲ ಹುಡುಗರೂ ಕೂತು ಚರ್ಚೆ ಮಾಡಬೇಕು ಎಂದು ಒಂದು ಕೋರ್ಸು ಶುರು ಮಾಡಿದರು. ಅದೇ ಬೆಳೆದು ಇವತ್ತು ಸಾಹಿತ್ಯ, ತತ್ವಶಾಸ್ತ್ರ, ಸಂಗೀತ, ಕಲೆ, ವಿಜ್ಞಾನ ಎಲ್ಲ ಸೇರಿದ ಕಡ್ಡಾಯ ಓದು ಆಗಿದೆ. ಸುಮಾರು ಇಪ್ಪತ್ತು ಜನರ ಸಣ್ಣ ಕ್ಲಾಸು. ನೀವು ಗಣಿತ ಓದೋಕೆ ಬಂದಿದ್ದರೂ ಪ್ಲೇಟೊ ಓದಲೇಬೇಕು. ಎಂಜಿನಿಯರಿಂಗ್ ಶಾಲೆಯವರಿಗೆ ಇದರಲ್ಲಿ ಒಂದು ಪಾಲು ಮಾತ್ರ. ಹನ್ನೆರಡನೇ ಕ್ಲಾಸು ಮುಗಿಸಿ "ಇನ್ನು ನನ್ನ ಸಬ್ಜೆಕ್ಟು ಬಿಟ್ಟು ಬೇರೇನೂ ಬೇಡ" ಅಂತ ಕಾಯುತ್ತಿರುವವರಿಗೆ ಇದು ಹಿಂಸೆ. ಬಾಯಿ ಬಿಟ್ಟು ವಾದ ಮಾಡೋದು ಇಷ್ಟ ಇರುವವರಿಗೆ ಹಬ್ಬ.

ಮಾಸ್ಟರ್ಸ್, ಪಿಎಚ್‌ಡಿಗೆ ಹೋಗುವವರಿಗೆ ಕೋರ್ ಸಂಬಂಧವೇ ಇಲ್ಲ. ಅವರಿಗೆ ಮುಖ್ಯ ಆಗುವುದು ವಿಭಾಗದ ಬಲ. ಅಂಬೇಡ್ಕರ್ 1913ರಲ್ಲಿ ಬರೋಡಾದ ಗಾಯಕವಾಡರ ವಿದ್ಯಾರ್ಥಿವೇತನದ ಮೇಲೆ ಇಲ್ಲಿಗೆ ಬಂದರು, ಮೂರು ವರ್ಷ ಓದಿದರು. ಅರ್ಥಶಾಸ್ತ್ರಕ್ಕೆ ಸೆಲಿಗ್‌ಮನ್, ತತ್ವಶಾಸ್ತ್ರಕ್ಕೆ ಜಾನ್ ಡ್ಯೂಯಿ. ಡ್ಯೂಯಿಯ ಪಾಠ ಅಂಬೇಡ್ಕರ್ ಮೇಲೆ ಜೀವನಪೂರ್ತಿ ಉಳಿಯಿತು. ಮಾನವಶಾಸ್ತ್ರಕ್ಕೆ ಆಗ ಅಲ್ಲೇ ಫ್ರಾಂಜ್ ಬೋಆಸ್ ಇದ್ದರು. ಒಂದೇ ಕಾಲಕ್ಕೆ, ಒಂದೇ ಕ್ಯಾಂಪಸ್ಸಿನಲ್ಲಿ ಇಷ್ಟು ಜನ! ಈಗಲೂ ಆಯ್ಕೆ ಮಾಡುವಾಗ ಹುಡುಕಬೇಕಾದದ್ದು ಇಂಥ ಗುಂಪನ್ನೇ. ಒಬ್ಬರೇ ದೊಡ್ಡವರಿದ್ದರೆ ಅವರು ನಿವೃತ್ತರಾಗಬಹುದು, ಬೇರೆ ಕಡೆ ಹೋಗಬಹುದು. ಗುಂಪು ಇದ್ದರೆ ವಿಭಾಗ ನಿಲ್ಲುತ್ತದೆ.

ಎನ್‌ವೈಯು ಕಥೆ ಪೂರ್ತಿ ಬೇರೆ. 1831ರಲ್ಲಿ ಹುಟ್ಟಿದ್ದೇ ಕೊಲಂಬಿಯಾಕ್ಕೆ ಉತ್ತರವಾಗಿ ಅನ್ನಬಹುದು. ದೇಶದ ಖಜಾನೆ ಕಾರ್ಯದರ್ಶಿ ಆಗಿದ್ದ ಆಲ್ಬರ್ಟ್ ಗ್ಯಾಲಟಿನ್ ಮತ್ತು ಅವರ ಜೊತೆಗಾರರಿಗೆ ಬೇಕಾಗಿದ್ದು ಲ್ಯಾಟಿನ್, ಗ್ರೀಕ್ ಕಲಿಸುವ ಶ್ರೀಮಂತರ ಕಾಲೇಜಲ್ಲ. ವ್ಯಾಪಾರಿಗಳ, ಕಸುಬುದಾರರ ಮಕ್ಕಳೂ ಬಂದು ಕೆಲಸಕ್ಕೆ ಬರುವುದನ್ನು ಕಲಿಯುವ ಜಾಗ. ಊರಿನ ಜೊತೆ ಬೆರೆತೇ ಬೆಳೆಯಿತು. ನಡುವೆ ಒಮ್ಮೆ ಬ್ರಾಂಕ್ಸಿನ ಗುಡ್ಡದ ಮೇಲೆ ಚೆಂದದ ಕ್ಯಾಂಪಸ್ ಕಟ್ಟಿಕೊಂಡಿದ್ದೂ ಉಂಟು. 1973ರಲ್ಲಿ ಕೈಯಲ್ಲಿ ದುಡ್ಡಿಲ್ಲದೆ ಅದನ್ನು ಮಾರಬೇಕಾಯಿತು. ಎಂಜಿನಿಯರಿಂಗ್ ಶಾಲೆಯನ್ನೂ ಬ್ರೂಕ್ಲಿನ್ನಿನ ಪಾಲಿಟೆಕ್ನಿಕ್ಕಿಗೆ ಬಿಟ್ಟುಕೊಟ್ಟಿತು. ನಲವತ್ತು ವರ್ಷ ಎಂಜಿನಿಯರಿಂಗ್ ಶಾಲೆಯೇ ಇಲ್ಲದೆ ಕಳೆಯಿತು. 2014ರಲ್ಲಿ ಅದೇ ಪಾಲಿಟೆಕ್ನಿಕ್ ವಿಲೀನ ಆದಮೇಲೆ ಮತ್ತೆ ಎಂಜಿನಿಯರಿಂಗ್ ಬಂತು. ಮರುವರ್ಷ ಚಂದ್ರಿಕಾ ಮತ್ತು ರಂಜನ್ ಟಂಡನ್ ದಂಪತಿ 10 ಕೋಟಿ ಡಾಲರ್ ಕೊಟ್ಟರು. ಈಗ ಅದಕ್ಕೆ ಟಂಡನ್ ಸ್ಕೂಲ್ ಅಂತಲೇ ಹೆಸರು.

ಈ ಹಳೇ ಕಥೆ ಯಾಕೆ ಹೇಳಿದೆ ಗೊತ್ತಾ? ಎನ್‌ವೈಯುನಲ್ಲಿ ಕಂಪ್ಯೂಟರ್ ಸೈನ್ಸ್ ಎರಡು ಕಡೆ ಇದೆ. ಮ್ಯಾನ್‌ಹಟನ್ನಿನ ಕುರಾಂಟ್ ಗಣಿತ ಸಂಸ್ಥೆಯಲ್ಲಿ ಒಂದು, ಬ್ರೂಕ್ಲಿನ್ನಿನ ಟಂಡನ್‌ನಲ್ಲಿ ಇನ್ನೊಂದು. ಅರ್ಜಿ ಬೇರೆ, ಪ್ರೊಫೆಸರ್‌ಗಳು ಬೇರೆ, ಓದಿನ ರೀತಿ ಬೇರೆ, ನದಿಯ ಆಚೆ ಒಂದು ಈಚೆ ಒಂದು. ಎಂಎಸ್‌ಗೆ ಅರ್ಜಿ ಹಾಕುವವರಲ್ಲಿ ಎಷ್ಟೋ ಜನ ಇದನ್ನು ಗಮನಿಸುವುದೇ ಇಲ್ಲ. ಸೀಟು ಸಿಕ್ಕಿದ ಮೇಲೆ "ಅಯ್ಯೋ, ನಾನು ಅಂದುಕೊಂಡ ಪ್ರೊಫೆಸರು ಆ ಕಡೆ ಇದಾರೆ" ಅಂತಾರೆ.

ಕುರಾಂಟ್ ಬಗ್ಗೆ ಇನ್ನೂ ಎರಡು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಹಿಟ್ಲರನ ಆಡಳಿತ ಜರ್ಮನಿಯ ಗಾಟಿಂಗನ್ ವಿಶ್ವವಿದ್ಯಾಲಯದಿಂದ ಹೊರಹಾಕಿದ ಗಣಿತಜ್ಞ ರಿಚರ್ಡ್ ಕುರಾಂಟ್ ನ್ಯೂಯಾರ್ಕಿಗೆ ಬಂದು ಕಟ್ಟಿದ ಸಂಸ್ಥೆ ಇದು. ಗಣಿತದ ದೊಡ್ಡ ಗೌರವವಾದ ಅಬೆಲ್ ಪ್ರಶಸ್ತಿ ಇಲ್ಲಿನವರಿಗೆ ನಾಲ್ಕು ಸಲ ಬಂದಿದೆ: 2005ರಲ್ಲಿ ಪೀಟರ್ ಲ್ಯಾಕ್ಸ್, 2007ರಲ್ಲಿ ಚೆನ್ನೈ ಮೂಲದ ಎಸ್.ಆರ್. ಶ್ರೀನಿವಾಸ ವರದನ್, 2009ರಲ್ಲಿ ಗ್ರೋಮೊವ್, 2015ರಲ್ಲಿ ನೈರೆನ್‌ಬರ್ಗ್. ಕಂಪ್ಯೂಟರಿಗೆ ಕಲಿಸುವ ವಿದ್ಯೆಯಲ್ಲಿ ಹೆಸರಾದ ಯಾನ್ ಲೆಕುನ್ ಕೂಡ ಇಲ್ಲಿಯವರೇ. ಅನ್ವಯಿಕ ಗಣಿತ ನಿಮ್ಮ ದಾರಿ ಆಗಿದ್ದರೆ ಎನ್‌ವೈಯು ಒಟ್ಟು ರ್‍ಯಾಂಕು ಎಷ್ಟು ಅಂತ ನೋಡುತ್ತಾ ಕೂರಬೇಡಿ. ಸಿನಿಮಾ, ನಾಟಕ ಆದರೆ ಟಿಶ್ ಇದೆ. ಹಣಕಾಸು ಆದರೆ ಸ್ಟರ್ನ್. ಅಂದಹಾಗೆ ಇಲ್ಲಿನ ಲಾ ಸ್ಕೂಲು ಒಂದು ಕಾಲದಲ್ಲಿ ಮುಲ್ಲರ್ ಅನ್ನೋ ಮ್ಯಾಕರೋನಿ ಕಂಪನಿಯ ಲಾಭದಲ್ಲಿ ನಡೆಯುತ್ತಿತ್ತು. ಹಳೇ ವಿದ್ಯಾರ್ಥಿಗಳು ಸೇರಿ 1947ರಲ್ಲಿ ಕೊಂಡುಕೊಟ್ಟಿದ್ದರು. ತೆರಿಗೆ ಕಟ್ಟದೆ ಶಾವಿಗೆ ಮಾರುತ್ತಾರೆ ಅಂತ ಗಲಾಟೆಯಾಗಿ ಅಮೆರಿಕದ ತೆರಿಗೆ ಕಾನೂನೇ ಬದಲಾಯಿತು.

ನನ್ನ ತೀರ್ಪು? ಬ್ಯಾಚುಲರ್ಸ್‌ಗೆ, ಮನೆ ಬಿಟ್ಟು ಮೊದಲ ಸಲ ಹೊರಟವರಿಗೆ, ಕೊಲಂಬಿಯಾ ವಾಸಿ. ಗೇಟಿನೊಳಗೆ ಒಂದು ಊರು ಸಿಗುತ್ತದೆ, ಕೋರ್ ಕ್ಲಾಸಿನಿಂದ ಗೆಳೆಯರು ಸಿಗುತ್ತಾರೆ. ಎನ್‌ವೈಯುನಲ್ಲಿ ಒಟ್ಟು 50 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು. ಅವರೆಲ್ಲ ಸಂಜೆಯಾದರೆ ನ್ಯೂಯಾರ್ಕಿನಲ್ಲಿ ಕರಗಿಹೋಗುತ್ತಾರೆ. ತಾನಾಗೇ ಹೋಗಿ ಮಾತಾಡಿಸುವ ಸ್ವಭಾವ ಇಲ್ಲದಿದ್ದರೆ ಮೊದಲ ವರ್ಷ ಒಂಟಿತನ ಕಾಡುತ್ತದೆ. ಆದರೆ ಏನು ಬೇಕು ಅಂತ ಆಗಲೇ ಗೊತ್ತಿರುವವರಿಗೆ, ಓದುತ್ತಿರುವಾಗಲೇ ಊರಿನಲ್ಲಿ ಕೆಲಸ ಕಲಿಯಬೇಕು ಅನ್ನುವವರಿಗೆ, ಎನ್‌ವೈಯು ಹೇಳಿ ಮಾಡಿಸಿದ ಹಾಗಿದೆ.

ಶಿಕಾಗೊ ಮತ್ತು ಹಾಪ್ಕಿನ್ಸ್: ಮೊದಲ ದಿನದಿಂದಲೇ ಸಂಶೋಧನೆ

ಕೊಲಂಬಿಯಾ, ಎನ್‌ವೈಯು ಎರಡೂ ಮೊದಲು ಕಾಲೇಜು, ಆಮೇಲೆ ಯೂನಿವರ್ಸಿಟಿ. ಈ ಎರಡು ಹಾಗಲ್ಲ.

ಬಾಲ್ಟಿಮೋರಿನ ವ್ಯಾಪಾರಿ ಜಾನ್ಸ್ ಹಾಪ್ಕಿನ್ಸ್ 1873ರಲ್ಲಿ ತೀರಿಕೊಂಡಾಗ 70 ಲಕ್ಷ ಡಾಲರ್ ಬಿಟ್ಟುಹೋದರು. ಅರ್ಧ ಆಸ್ಪತ್ರೆಗೆ, ಅರ್ಧ ವಿಶ್ವವಿದ್ಯಾಲಯಕ್ಕೆ. 1876ರಲ್ಲಿ ಮೊದಲ ಅಧ್ಯಕ್ಷ ಡೇನಿಯಲ್ ಗಿಲ್ಮನ್ ಒಂದು ಹೊಸ ಪ್ರಯೋಗ ಮಾಡಿದರು. ಜರ್ಮನಿಯ ಮಾದರಿ ತಂದರು. ಕಟ್ಟಡಕ್ಕೆ ದುಡ್ಡು ಸುರಿಯದೆ ಮನುಷ್ಯರಿಗೆ ಕೊಟ್ಟರು. ಇಪ್ಪತ್ತು ಫೆಲೊಗಳಿಗೆ ತಲಾ 500 ಡಾಲರ್ ಕೊಟ್ಟು, "ಓದಿ, ಹೊಸದನ್ನು ಕಂಡುಹಿಡಿಯಿರಿ" ಅಂದರು. ಇವತ್ತು ಪಿಎಚ್‌ಡಿ ಮಾಡುವವರಿಗೆ ಫೀಸು ಮಾಫಿ ಮಾಡಿ ತಿಂಗಳಿಗೆ ಸ್ಟೈಪೆಂಡ್ ಕೊಡುವುದು ಅಮೆರಿಕದ ಪದ್ಧತಿ ಆಗಿದೆಯಲ್ಲ, ಅದರ ಬೇರು ಇಲ್ಲಿದೆ.

ಆಸ್ಪತ್ರೆ 1889ರಲ್ಲಿ ತೆರೆಯಿತು. ಮೆಡಿಕಲ್ ಶಾಲೆಗೆ ದುಡ್ಡು ಸಾಲಲಿಲ್ಲ. ಆಗ ಮೇರಿ ಎಲಿಜಬೆತ್ ಗ್ಯಾರೆಟ್ ಮತ್ತು ಗೆಳತಿಯರು ಹಣ ಹೊಂದಿಸಿಕೊಟ್ಟರು, ಷರತ್ತು ಹಾಕಿ: ಹೆಣ್ಣುಮಕ್ಕಳನ್ನೂ ಗಂಡುಮಕ್ಕಳಂತೆಯೇ ಸೇರಿಸಬೇಕು, ಬಂದವರೆಲ್ಲ ಮೊದಲು ಬ್ಯಾಚುಲರ್ಸ್ ಮುಗಿಸಿರಬೇಕು. 1893ರಲ್ಲಿ ಶಾಲೆ ಹಾಗೆಯೇ ಶುರುವಾಯಿತು. ತಮಾಷೆ ನೋಡಿ, ಅದೇ ಯೂನಿವರ್ಸಿಟಿಯ ಬ್ಯಾಚುಲರ್ಸ್‌ಗೆ ಹೆಣ್ಣುಮಕ್ಕಳು ಸೇರಲು 1970ರವರೆಗೆ ಕಾಯಬೇಕಾಯಿತು. ಇದೇ ಆಸ್ಪತ್ರೆಯಲ್ಲಿ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಜೀವಕೋಶಗಳನ್ನು ಆಕೆಗೆ ಹೇಳದೆ ಕೇಳದೆ ತೆಗೆದುಕೊಂಡರು. ಪ್ರಪಂಚದ ಲ್ಯಾಬುಗಳಲ್ಲೆಲ್ಲ ಅವು ಇಂದಿಗೂ ಬೆಳೆಯುತ್ತಿವೆ. ವೈದ್ಯಕೀಯದ ನೀತಿ ಪಾಠದಲ್ಲಿ ಈ ಪ್ರಕರಣ ಬಂದೇ ಬರುತ್ತದೆ.

ಹಾಪ್ಕಿನ್ಸ್ ಹೆಸರಿನ ಜೊತೆ ಸದಾ ಬರುವ ಮಾತು: ಸಂಶೋಧನೆಗೆ ಖರ್ಚು ಮಾಡುವುದರಲ್ಲಿ ದೇಶಕ್ಕೇ ಮೊದಲು. ನಿಜ, ವರ್ಷಕ್ಕೆ 300 ಕೋಟಿ ಡಾಲರ್ ದಾಟುತ್ತದೆ. ಆದರೆ ಅದರಲ್ಲಿ ದೊಡ್ಡ ಪಾಲು ಅಪ್ಲೈಡ್ ಫಿಸಿಕ್ಸ್ ಲ್ಯಾಬೊರೇಟರಿಯದ್ದು. ಪ್ಲೂಟೊ ತನಕ ಹೋದ ನ್ಯೂ ಹೊರೈಜನ್ಸ್ ನೌಕೆ ಕಟ್ಟಿದವರು ಇವರೇ. ಜೊತೆಗೆ ರಕ್ಷಣಾ ಇಲಾಖೆಯ ಕೆಲಸ ಬಹಳ. ಅದು ಕ್ಯಾಂಪಸ್ಸಿನಲ್ಲಿಲ್ಲ, ಲಾರೆಲ್ ಎಂಬ ಬೇರೆ ಊರಿನ ಹತ್ತಿರ ಇದೆ. ಅಲ್ಲಿನ ಬಹಳಷ್ಟು ಕೆಲಸಕ್ಕೆ ಅಮೆರಿಕದ ಪೌರತ್ವ ಬೇಕು. ವಿದೇಶಿ ವಿದ್ಯಾರ್ಥಿಗೆ ಆ 300 ಕೋಟಿಯ ಲೆಕ್ಕ ಪೂರ್ತಿ ದಕ್ಕುವುದಿಲ್ಲ. ಬಯೋಮೆಡಿಕಲ್ ಎಂಜಿನಿಯರಿಂಗ್, ಸಾರ್ವಜನಿಕ ಆರೋಗ್ಯ, ಜೀವವಿಜ್ಞಾನ ಆದರೆ ಕಣ್ಣು ಮುಚ್ಚಿ ಹಾಕಿ. ಸಾರ್ವಜನಿಕ ಆರೋಗ್ಯದ ಶಾಲೆ 1916ರಿಂದ ಇದೆ. ಇನ್ನೊಂದು ಮಾತು: ಇಲ್ಲಿ ಬ್ಯಾಚುಲರ್ಸ್ ಓದುವವರಲ್ಲಿ ಡಾಕ್ಟರ್ ಆಗಲು ಹೊರಟವರು ತುಂಬಾ. ಕ್ಲಾಸಿನ ಗಾಳಿಯೇ ಸ್ವಲ್ಪ ಬಿಗಿ. ಮತ್ತು ಅಮೆರಿಕದ ಮೆಡಿಕಲ್ ಶಾಲೆಗಳಲ್ಲಿ ಹಲವು ವಿದೇಶಿಯರ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಬ್ಯಾಚುಲರ್ಸ್ ಮಾಡಿ ಅಲ್ಲೇ ಡಾಕ್ಟರ್ ಆಗುತ್ತೇನೆ ಅಂತ ಲೆಕ್ಕ ಹಾಕಿದವರು ಇದನ್ನು ಮೊದಲೇ ತಿಳಿದಿರಬೇಕು.

ಶಿಕಾಗೊ ಹುಟ್ಟಿದ್ದು 1890ರಲ್ಲಿ. ದುಡ್ಡು ಎಣ್ಣೆ ಸಾಹುಕಾರ ರಾಕ್‌ಫೆಲ್ಲರ್‌ದು, ಜಾಗ ಅಂಗಡಿ ಸಾಹುಕಾರ ಮಾರ್ಷಲ್ ಫೀಲ್ಡ್‌ದು, ಆತುರ ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್‌ದು. ಕ್ಲಾರ್ಕ್ ಯೂನಿವರ್ಸಿಟಿಯಲ್ಲಿ ಜಗಳ ನಡೆಯುತ್ತಿದೆ ಅಂತ ಗೊತ್ತಾಗಿ, ಅಲ್ಲಿಗೇ ಹೋಗಿ ಪ್ರೊಫೆಸರ್‌ಗಳನ್ನು ಗುಂಪುಗುಂಪಾಗಿ ಎಬ್ಬಿಸಿಕೊಂಡು ಬಂದರು. ಹಾಗೆ ಬಂದವರಲ್ಲಿ ಒಬ್ಬರು ಮೈಕೆಲ್ಸನ್. 1907ರಲ್ಲಿ ವಿಜ್ಞಾನಕ್ಕೆ ನೊಬೆಲ್ ಪಡೆದ ಮೊದಲ ಅಮೆರಿಕನ್. ಹಾರ್ಪರ್ ವರ್ಷವನ್ನು ನಾಲ್ಕು ಭಾಗ ಮಾಡಿದರು. ಆ ಕ್ವಾರ್ಟರ್ ಪದ್ಧತಿ ಇವತ್ತಿಗೂ ನಡೆದಿದೆ. ಸೆಮಿಸ್ಟರಿನಲ್ಲಿ ಹದಿನಾಲ್ಕು–ಹದಿನೈದು ವಾರ ಸಿಗುವ ಕಡೆ ಇಲ್ಲಿ ಒಂಬತ್ತು–ಹತ್ತು ವಾರಕ್ಕೆ ಕೋರ್ಸು ಮುಗಿಯುತ್ತದೆ. ಮೂರನೇ ವಾರಕ್ಕೆ ಪರೀಕ್ಷೆ ತಲೆ ಮೇಲೆ ಕೂತಿರುತ್ತದೆ. ಒಮ್ಮೆ ಜ್ವರ ಬಂದು ಮಲಗಿದರೆ ಹಿಂದೆ ಬಿದ್ದಂತೆ. ನಿಧಾನಕ್ಕೆ ಬಿಸಿಯಾಗುವ ಸ್ವಭಾವದವರು ಯೋಚಿಸಿ.

ಅಧ್ಯಕ್ಷ ರಾಬರ್ಟ್ ಹಚಿನ್ಸ್ 1939ರಲ್ಲಿ ಫುಟ್‌ಬಾಲ್ ತಂಡವನ್ನೇ ತೆಗೆದುಹಾಕಿದರು. ಅಮೆರಿಕದಲ್ಲಿ ಇದು ಸಣ್ಣ ಮಾತಲ್ಲ! ಮೈದಾನ ಸುಮ್ನೆ ಬಿದ್ದಿತ್ತು. ಮೂರು ವರ್ಷ ಆದಮೇಲೆ, 1942ರ ಡಿಸೆಂಬರ್ 2ರಂದು, ಅದೇ ಮೈದಾನದ ಗ್ಯಾಲರಿಯ ಕೆಳಗಿನ ಅಂಕಣದಲ್ಲಿ ಎನ್ರಿಕೊ ಫರ್ಮಿ ತಂಡ ಪ್ರಪಂಚದ ಮೊದಲ ನಿಯಂತ್ರಿತ ಪರಮಾಣು ಸರಣಿ ಕ್ರಿಯೆ ನಡೆಸಿತು. ಆಟಕ್ಕಿಂತ ಓದು ದೊಡ್ಡದು ಅನ್ನುವ ಹಟ ಇಲ್ಲಿ ಇನ್ನೂ ಇದೆ. ಊಟದ ಮೇಜಿನಲ್ಲೂ ವಾದ ನಿಲ್ಲುವುದಿಲ್ಲ ಅಂತಾರೆ ಓದಿದವರು.

ಖಗೋಳ ಭೌತವಿಜ್ಞಾನಿ ಎಸ್. ಚಂದ್ರಶೇಖರ್ 1937ರಲ್ಲಿ ಇಲ್ಲಿಗೆ ಬಂದವರು ಕೊನೆಯವರೆಗೂ ಬಿಡಲಿಲ್ಲ. 1983ರ ನೊಬೆಲ್ ಅವರದ್ದು. ಮೈಸೂರಿನಲ್ಲಿ ಹುಟ್ಟಿದ, ನಮ್ಮ ವಚನಗಳನ್ನು ಇಂಗ್ಲಿಷಿಗೆ ಕೊಂಡೊಯ್ದ ಎ.ಕೆ. ರಾಮಾನುಜನ್ 1960ರ ದಶಕದ ಶುರುವಿನಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಪಾಠ ಮಾಡಿದ್ದು ಇಲ್ಲೇ. ಭಾಷೆ, ಜಾನಪದ, ಮಾನವಶಾಸ್ತ್ರ ಎಲ್ಲದರ ನಡುವೆ ಓಡಾಡಿಕೊಂಡಿದ್ದ ಅವರಂಥವರಿಗೆ ಜಾಗ ಸಿಕ್ಕಿದ್ದು ಆಕಸ್ಮಿಕ ಅಲ್ಲ. ವಿಭಾಗಗಳ ನಡುವಿನ ಗೋಡೆ ಇಲ್ಲಿ ತಗ್ಗು. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಭೌತವಿಜ್ಞಾನ ಇಲ್ಲಿನ ಬಲ. ಆದರೆ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಹುಡುಕಿಕೊಂಡು ಶಿಕಾಗೊಗೆ ಹೋಗಬೇಡಿ. ಅವು ಇಲ್ಲವೇ ಇಲ್ಲ. ಇರುವ ಎಂಜಿನಿಯರಿಂಗ್ ಒಂದೇ, ಅಣುಗಳ ಮಟ್ಟದಲ್ಲಿ ಕೆಲಸ ಮಾಡುವ ಮಾಲಿಕ್ಯುಲರ್ ಎಂಜಿನಿಯರಿಂಗ್. ಅದೂ 2011ರಿಂದ ಈಚೆಗೆ.

ಬಾಸ್ಟನ್ನಿನ ಇಬ್ಬರು

ಬಾಸ್ಟನ್ನಿನಲ್ಲಿ ನದಿ ದಾಟಿದರೆ ಹಾರ್ವರ್ಡ್, ಎಂಐಟಿ. ಅವುಗಳ ನೆರಳಿನಲ್ಲಿ ಇರುವ ಇಬ್ಬರ ನಡುವೆಯೇ ಜಾಸ್ತಿ ಜನಕ್ಕೆ ಗೊಂದಲ.

ಬಾಸ್ಟನ್ ಯೂನಿವರ್ಸಿಟಿಗೆ (ಬಿಯು) 1869ರಲ್ಲಿ ಸನ್ನದು ಸಿಕ್ಕಿತು. ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥದವರು ಕಟ್ಟಿದ್ದು. ಮೂರು ವರ್ಷಕ್ಕೇ ಊರಿಗೆ ಬೆಂಕಿ ಬಿದ್ದು, ದಾನಿ ಐಸಾಕ್ ರಿಚ್ ಬಿಟ್ಟುಹೋದ ಆಸ್ತಿಯಲ್ಲಿ ಬಹುಪಾಲು ಸುಟ್ಟುಹೋಯಿತು. ಆದರೂ ಶುರುವಿನಿಂದಲೇ ಎಲ್ಲ ವಿಭಾಗಕ್ಕೂ ಹೆಣ್ಣುಮಕ್ಕಳನ್ನು ಸೇರಿಸಿತು. ಅಮೆರಿಕದಲ್ಲಿ ಪಿಎಚ್‌ಡಿ ಪಡೆದ ಮೊದಲ ಮಹಿಳೆ ಹೆಲೆನ್ ಮಗಿಲ್‌ಗೆ ಅದು ಸಿಕ್ಕಿದ್ದು ಇಲ್ಲಿಂದ, 1877ರಲ್ಲಿ. ಗ್ರಹಾಂ ಬೆಲ್ ಇಲ್ಲಿ ಮೇಷ್ಟ್ರಾಗಿದ್ದಾಗ ಪ್ರಯೋಗಕ್ಕೆ ಪುರುಸೊತ್ತು ಸಿಗಲಿ ಅಂತ ಸಂಬಳವನ್ನು ಮುಂಗಡ ಕೊಟ್ಟಿದ್ದರು. ಮರುವರ್ಷ ಟೆಲಿಫೋನ್ ಬಂತು. ಮಾರ್ಟಿನ್ ಲೂಥರ್ ಕಿಂಗ್ 1955ರಲ್ಲಿ ಇಲ್ಲಿಂದಲೇ ಪಿಎಚ್‌ಡಿ ಪಡೆದರು. ಕ್ಯಾಂಪಸ್ ಅಂದರೆ ಕಾಮನ್‌ವೆಲ್ತ್ ಅವೆನ್ಯೂ ಉದ್ದಕ್ಕೂ ಚಾಚಿದ ಕಟ್ಟಡಗಳ ಸಾಲು, ನಡುವೆ ಗ್ರೀನ್ ಲೈನ್ ಟ್ರಾಮ್.

ನಾರ್ತ್‌ಈಸ್ಟರ್ನ್ 1898ರಲ್ಲಿ ವೈಎಂಸಿಎಯ ಸಂಜೆ ತರಗತಿಯಾಗಿ ಶುರುವಾಯಿತು, ಹಗಲು ದುಡಿಯುವವರಿಗಾಗಿ. 1909ರಲ್ಲಿ ಎಂಟು ಜನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಜೊತೆ ಕೋ-ಆಪ್ ಬಂತು: ಕೆಲವು ತಿಂಗಳು ಓದು, ಕೆಲವು ತಿಂಗಳು ಕಂಪನಿಯಲ್ಲಿ ಸಂಬಳದ ಕೆಲಸ, ಮತ್ತೆ ಓದು. ಇವತ್ತಿಗೂ ಅದೇ ಅದರ ಬೆನ್ನೆಲುಬು. ಒಂದು ಕೋ-ಆಪ್ ಸಾಮಾನ್ಯವಾಗಿ ಆರು ತಿಂಗಳು. ಎರಡರಲ್ಲಿ ಆರಿಸುವುದು ಸುಲಭ. ಡಿಗ್ರಿಯ ಜೊತೆಗೇ ಕೆಲಸದ ಅನುಭವ ಬೇಕಾದರೆ ನಾರ್ತ್‌ಈಸ್ಟರ್ನ್. ನಾಲ್ಕು ವರ್ಷ ಕಾಲೇಜಿನಂತೆ ಕಾಲೇಜು ಬೇಕಾದರೆ, ಸಬ್ಜೆಕ್ಟಿನ ಬಗ್ಗೆ ಇನ್ನೂ ಮನಸ್ಸು ಗಟ್ಟಿಯಾಗಿಲ್ಲದಿದ್ದರೆ, ಬಿಯು.

ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ಬಗ್ಗೆ ಜಾಸ್ತಿ ಹೇಳುವುದು ಬೇಕಿಲ್ಲ. ಕಂಪ್ಯೂಟರ್, ರೋಬೊ ಅಂದರೆ ಎಲ್ಲರಿಗೂ ಗೊತ್ತಿರುವ ಹೆಸರು. ಉಕ್ಕಿನ ಸಾಹುಕಾರ ಕಾರ್ನೆಗಿ 1900ರಲ್ಲಿ ಕಾರ್ಮಿಕರ ಮಕ್ಕಳಿಗೆ ಅಂತ ತೆಗೆದ ತಾಂತ್ರಿಕ ಶಾಲೆ ಅದು. ಕೃತಕ ಬುದ್ಧಿಮತ್ತೆಯ ಮೊದಲ ಸಂಶೋಧಕರಲ್ಲಿ ಸೇರಿದ ನ್ಯೂವೆಲ್, ಸೈಮನ್ 1950ರ ದಶಕದಲ್ಲೇ ಯಂತ್ರಕ್ಕೆ ತರ್ಕ ಕಲಿಸಲು ಕೂತಿದ್ದರು. ನಾಟಕದ ವಿಭಾಗವೂ ಅಷ್ಟೇ ಹೆಸರುವಾಸಿ ಅನ್ನೋದು ಮಾತ್ರ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಮೆಡಿಕಲ್ ಶಾಲೆ ಇಲ್ಲ.

ರ್‍ಯಾಂಕನ್ನು ಎಷ್ಟು ನಂಬಬೇಕು

2022ರಲ್ಲಿ ಕೊಲಂಬಿಯಾದ ಗಣಿತದ ಪ್ರೊಫೆಸರ್ ಮೈಕೆಲ್ ಥಾಡಿಯಸ್ ತಮ್ಮದೇ ಯೂನಿವರ್ಸಿಟಿ ಯುಎಸ್ ನ್ಯೂಸ್ ಎಂಬ ಸಂಸ್ಥೆಯ ರ್‍ಯಾಂಕ್ ಪಟ್ಟಿಗೆ ಕೊಟ್ಟ ಅಂಕಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಇವು ಸರಿಯಿಲ್ಲ ಅಂತ ಬರೆದರು. ಕ್ಲಾಸಿನ ಗಾತ್ರದಂಥ ಅಂಕಿಗಳಲ್ಲಿ ತಪ್ಪಿತ್ತು ಅಂತ ಯೂನಿವರ್ಸಿಟಿಯೂ ಆಮೇಲೆ ಒಪ್ಪಿತು. 2ನೇ ಸ್ಥಾನದಿಂದ 18ಕ್ಕೆ ಇಳಿಯಿತು. ಆ ವರ್ಷ ಕೊಲಂಬಿಯಾದ ಮೇಷ್ಟ್ರುಗಳು, ಲೈಬ್ರರಿ, ಲ್ಯಾಬು ಏನಾದರೂ ಬದಲಾಗಿತ್ತಾ? ಇಲ್ಲ. ನಾರ್ತ್‌ಈಸ್ಟರ್ನ್ ಕಥೆ ಇದರ ತಿರುಗುಮುರುಗು. 1996ರಲ್ಲಿ 162ನೇ ಸ್ಥಾನದಲ್ಲಿದ್ದದ್ದು, ಪಟ್ಟಿಯ ಸೂತ್ರವನ್ನೇ ಕೂತು ಅಭ್ಯಾಸ ಮಾಡಿ, 20ಕ್ಕಿಂತ ಕಡಿಮೆ ಜನರ ಕ್ಲಾಸುಗಳನ್ನು ಹೆಚ್ಚಿಸಿ, 2006ಕ್ಕೆ 98ಕ್ಕೆ ಬಂತು. ಸಣ್ಣ ಕ್ಲಾಸು ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ 40ನೇ ಸ್ಥಾನಕ್ಕೂ 55ನೇ ಸ್ಥಾನಕ್ಕೂ ನಡುವಿನ ವ್ಯತ್ಯಾಸಕ್ಕೆ ಜೀವ ಬಿಡಬೇಡಿ. ನೋಡಲೇಬೇಕು ಅಂದರೆ ವಿಭಾಗದ ಮಟ್ಟದ ಹೆಸರು ನೋಡಿ.

ದುಡ್ಡಿನ ಮಾತು

ಇಲ್ಲಿ ಮೂರು ಬೇರೆ ಬೇರೆ ಲೋಕ ಇದೆ. ಜನ ಇದನ್ನು ಕಲಸಿಬಿಡುತ್ತಾರೆ.

ಬ್ಯಾಚುಲರ್ಸ್‌ಗೆ ಫೀಸು, ವಸತಿ, ಊಟ ಎಲ್ಲ ಸೇರಿ ಇವುಗಳಲ್ಲಿ ವರ್ಷಕ್ಕೆ 90,000 ಡಾಲರ್ ಆಸುಪಾಸು. ಮನೆಯ ವರಮಾನ ನೋಡಿ ಸಹಾಯ ಕೊಡುತ್ತಾರೆ, ನಿಜ. ಆದರೆ ಅಮೆರಿಕದವರಿಗೆ ಇರುವ ನಿಯಮ ವಿದೇಶಿಯರಿಗೆ ಇರಲ್ಲ. ಕೊಲಂಬಿಯಾ ವಿದೇಶಿ ಅರ್ಜಿದಾರರು ಸಹಾಯ ಕೇಳಿದ್ದಾರಾ ಅನ್ನೋದನ್ನೂ ಆಯ್ಕೆಯಲ್ಲಿ ನೋಡುತ್ತದೆ. ಒಮ್ಮೆ ಸೇರಿಸಿಕೊಂಡರೆ ಮಾತ್ರ ಅಗತ್ಯ ಇರುವಷ್ಟೂ ಕೊಡುತ್ತದೆ. 2018ರಲ್ಲಿ ಮೈಕೆಲ್ ಬ್ಲೂಮ್‌ಬರ್ಗ್ ಹಾಪ್ಕಿನ್ಸ್‌ಗೆ ವಿದ್ಯಾರ್ಥಿಗಳ ಸಹಾಯಕ್ಕೆ ಅಂತ 180 ಕೋಟಿ ಡಾಲರ್ ಕೊಟ್ಟಾಗ ದೊಡ್ಡ ಸುದ್ದಿಯಾಯಿತು. ಅಂಥ ಸುದ್ದಿ ಓದಿ ಖುಷಿ ಪಡುವ ಮೊದಲು, "ವಿದೇಶಿ ವಿದ್ಯಾರ್ಥಿಗಳಿಗೂ ಇದೆಯಾ?" ಅಂತ ಅಡ್ಮಿಷನ್ ಆಫೀಸಿಗೆ ಮೇಲ್ ಹಾಕಿ ಕೇಳಿ.

ಮಾಸ್ಟರ್ಸ್ ಅಂದರೆ ಬಹುತೇಕ ಕೈಯಿಂದಲೇ ಕಟ್ಟಬೇಕು. ಇಂಥ ಯೂನಿವರ್ಸಿಟಿಗಳಿಗೆ ಇದು ಒಳ್ಳೆಯ ಆದಾಯ, ಅದಕ್ಕೇ ಸೀಟುಗಳೂ ಧಾರಾಳ. ಒಂದು ಕೋರ್ಸಿಗೆ ನೂರಾರು ಜನರನ್ನು ತೆಗೆದುಕೊಳ್ಳುತ್ತಿದ್ದರೆ ಎಚ್ಚರ ಇರಲಿ. ಹೆಸರು ದೊಡ್ಡದು, ಗಮನ ಸಣ್ಣದು. ಸಾಲ ಮಾಡಿ ಹೋಗುವವರು ಓದು ಮುಗಿದ ಮೇಲೆ ಕೆಲಸ ಮಾಡುವ ಅವಕಾಶದ ಲೆಕ್ಕವನ್ನೂ ಹಾಕಬೇಕು. ಓಪಿಟಿ ಅನ್ನುವ ನಿಯಮದಲ್ಲಿ 12 ತಿಂಗಳು. ವಿಜ್ಞಾನ, ತಂತ್ರಜ್ಞಾನದ ಪಟ್ಟಿಯಲ್ಲಿರುವ ಡಿಗ್ರಿಯಾದರೆ ಇನ್ನೂ 24 ತಿಂಗಳು. ಒಂದೇ ಥರದ ಹೆಸರಿನ ಎರಡು ಕೋರ್ಸುಗಳಲ್ಲಿ ಒಂದು ಆ ಪಟ್ಟಿಯಲ್ಲಿದ್ದು ಇನ್ನೊಂದು ಇಲ್ಲದಿರಬಹುದು. ಇದನ್ನು ಮೊದಲೇ ನೋಡಿಕೊಳ್ಳಿ.

ಪಿಎಚ್‌ಡಿಗೆ ನೀವು ಕಟ್ಟುವಂತಿಲ್ಲ, ಅವರೇ ಕೊಡಬೇಕು. ಫಂಡಿಂಗ್ ಇಲ್ಲದ ಪಿಎಚ್‌ಡಿ ಸೀಟು ಬಂದರೆ ನಾನಂತೂ ಬೇಡ ಅಂತಲೇ ಹೇಳುತ್ತೇನೆ. ಆದರೆ ಈ ದುಡ್ಡಿನಲ್ಲಿ ಒಂದು ದೊಡ್ಡ ಪಾಲು, ಅದರಲ್ಲೂ ವಿಜ್ಞಾನದ ಲ್ಯಾಬುಗಳಲ್ಲಿ, ಬರುವುದು ಕೇಂದ್ರ ಸರ್ಕಾರದ ಗ್ರಾಂಟುಗಳಿಂದ. 2025ರಲ್ಲಿ ಅದಕ್ಕೇ ಪೆಟ್ಟು ಬಿತ್ತು. ಕೊಲಂಬಿಯಾದ 40 ಕೋಟಿ ಡಾಲರ್ ಗ್ರಾಂಟುಗಳನ್ನು ಸರ್ಕಾರ ರದ್ದು ಮಾಡಿತು. ಜುಲೈನಲ್ಲಿ 20 ಕೋಟಿಗೂ ಹೆಚ್ಚು ಕಟ್ಟಲು ಒಪ್ಪಿ ಅದು ರಾಜಿಯಾಯಿತು. ಹಾಪ್ಕಿನ್ಸ್‌ನಲ್ಲಿ, ಅಮೆರಿಕ ಸರ್ಕಾರ ಬೇರೆ ದೇಶಗಳ ನೆರವಿಗೆ ಕೊಡುತ್ತಿದ್ದ ಹಣ ನಿಂತು ಎರಡು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಶಿಕಾಗೊ ಭಾಷೆ, ಸಾಹಿತ್ಯ, ಕಲೆಯ ಹಲವು ವಿಭಾಗಗಳ ಮುಂದಿನ ಸಾಲಿನ ಪಿಎಚ್‌ಡಿ ಅಡ್ಮಿಷನ್ ನಿಲ್ಲಿಸುವ ಅಥವಾ ಕಡಿಮೆ ಮಾಡುವ ತೀರ್ಮಾನ ತೆಗೆದುಕೊಂಡಿತು. ರಾಮಾನುಜನ್ ಪಾಠ ಮಾಡಿದ ಕಡೆ ಹೀಗಾಯಿತಲ್ಲ ಅಂತ ನನಗೆ ಬೇಜಾರಾಯಿತು. ಹಾಗಾಗಿ ಈಗ ಅರ್ಜಿ ಹಾಕುವವರು ಆಫರ್ ಪತ್ರದಲ್ಲಿ ಒಂದು ಸಾಲು ಹುಡುಕಬೇಕು. ಸ್ಟೈಪೆಂಡ್ ಐದು ವರ್ಷಕ್ಕೆ ಖಾತ್ರಿಯೋ, ಅಥವಾ ಗೈಡ್ ಹತ್ತಿರ ಗ್ರಾಂಟು ಇರುವವರೆಗೆ ಮಾತ್ರವೋ? ಎರಡೂ ಒಂದೇ ಅಲ್ಲ. ಗೈಡಿನ ಗ್ರಾಂಟು ನಿಂತರೆ ವಿಭಾಗ ಏನು ಮಾಡುತ್ತದೆ ಅಂತ ಈಗಿನ ವಿದ್ಯಾರ್ಥಿಗಳನ್ನು ಕೇಳಿ. ಪ್ರೊಫೆಸರ್‌ಗಿಂತ ಅವರು ನೇರವಾಗಿ ಹೇಳುತ್ತಾರೆ. ಅವರ ಇಮೇಲ್ ಲ್ಯಾಬಿನ ಪುಟದಲ್ಲೇ ಸಿಗುತ್ತದೆ. ಹಾಗೆಯೇ ಆ ಲ್ಯಾಬಿನಿಂದ ಹೋದ ಐದಾರು ವರ್ಷಗಳಲ್ಲಿ ಹೊರಬಂದವರು ಈಗ ಎಲ್ಲಿದ್ದಾರೆ, ಎಷ್ಟು ವರ್ಷಕ್ಕೆ ಮುಗಿಸಿದರು ಅಂತ ನೋಡಿ. ಅರ್ಧ ಗಂಟೆಯ ಕೆಲಸ.

ಇನ್ನು, ಆಫರ್ ಬಂದ ಕೂಡಲೇ "ಈ ವಾರದೊಳಗೆ ಹೇಳಿ" ಅಂತ ಯಾರಾದರೂ ಅವಸರ ಮಾಡಿದರೆ ಗಾಬರಿ ಬೀಳಬೇಡಿ. ಅಮೆರಿಕದ ಗ್ರಾಜುಯೇಟ್ ಶಾಲೆಗಳ ಕೌನ್ಸಿಲ್‌ನ ಒಂದು ಒಪ್ಪಂದ ಇದೆ. ಅದಕ್ಕೆ ಸಹಿ ಹಾಕಿದ ಯೂನಿವರ್ಸಿಟಿಗಳು ಹಣದ ಸಹಾಯ ಇರುವ ಆಫರ್‌ಗೆ ಏಪ್ರಿಲ್ 15ಕ್ಕೆ ಮುಂಚೆ ಉತ್ತರ ಕೊಡಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ. ಸಹಿ ಹಾಕಿದವರ ಪಟ್ಟಿ ಕೌನ್ಸಿಲ್ಲಿನ ವೆಬ್‌ಸೈಟಿನಲ್ಲಿದೆ. ಅದರಲ್ಲಿ ಹೆಸರಿದ್ದರೆ ವಿಭಾಗದ ಸಂಯೋಜಕರಿಗೆ ವಿನಯದಿಂದಲೇ ಒಂದು ಮೇಲ್ ಹಾಕಿ, ಏಪ್ರಿಲ್ 15ರವರೆಗೆ ಸಮಯ ಬೇಕು ಅಂತ. ಎರಡನೇ ಆಫರ್ ಅಷ್ಟರಲ್ಲಿ ಬಂದಿರುತ್ತದೆ.